ಓದುಗರ ಪ್ರಶ್ನೆ: ಒಂದೇ ಉಚ್ಚಾರ, ಬೇರೆ ಬೇರೆ ಸ್ಪೆಲ್ಲಿಂಗ್

ಪ್ರಶ್ನೆ: ಮಗಳು ಐದನೇ ತರಗತಿ. ಇಂಗ್ಲಿಷಿನಲ್ಲಿ ‘ಅವರ ಮನೆ’ ಅನ್ನುವ ಕಡೆ ‘ಅಲ್ಲಿ’ ಎಂಬ ಅರ್ಥದ ‘ದೇರ್’ ಬರೆಯುತ್ತಾಳೆ. ಶಾಲೆಯಲ್ಲಿ ಐವತ್ತು ಸಲ ಬರೆಸಿದರೂ ಮರುವಾರ ಅದೇ ತಪ್ಪು. ಏನು ಮಾಡಲಿ?
– ಒಬ್ಬ ತಾಯಿ, ಹಾಸನ

ಉತ್ತರ: ಐವತ್ತು ಸಲ ಬರೆಸುವುದನ್ನು ನಿಲ್ಲಿಸಿ. ನಿಮ್ಮ ಮಗಳಿಗೆ ಎರಡೂ ಸ್ಪೆಲ್ಲಿಂಗ್ ಬರುತ್ತದೆ. ಯಾವುದು ಎಲ್ಲಿಗೆ ಎಂಬುದಷ್ಟೇ ತಿಳಿದಿಲ್ಲ. ಒಂದೇ ಪದವನ್ನು ಸಾಲಾಗಿ ಬರೆಯುವಾಗ ಆರಿಸುವ ಕೆಲಸವೇ ಇರುವುದಿಲ್ಲವಾದ್ದರಿಂದ ಆ ಅಭ್ಯಾಸ ಆಗುವುದೇ ಇಲ್ಲ.

ಕನ್ನಡ ಮನೆಮಾತಿನ ಮಗುವಿಗೆ ಇಲ್ಲೊಂದು ಅನುಕೂಲವಿದೆ. ಇಂಗ್ಲಿಷಿನಲ್ಲಿ ಒಂದೇ ಥರ ಕೇಳುವ ಈ ಪದಗಳು ಕನ್ನಡದಲ್ಲಿ ಪೂರಾ ಬೇರೆ. ಬರೆಯುವ ಮೊದಲು ವಾಕ್ಯವನ್ನು ಕನ್ನಡದಲ್ಲಿ ಹೇಳಿಸಿ. ‘ಅವರ’ ಎಂದು ಬಂದರೆ ಟಿ-ಎಚ್-ಇ-ಐ-ಆರ್. ‘ಅಲ್ಲಿ’ ಎಂದು ಬಂದರೆ ಟಿ-ಎಚ್-ಇ-ಆರ್-ಇ. ಈ ಎರಡನೆಯದರ ಒಳಗೆ ‘ಇಲ್ಲಿ’ ಎಂಬರ್ಥದ ‘ಹಿಯರ್’, ಅಂದರೆ ಎಚ್-ಇ-ಆರ್-ಇ, ಅಡಗಿದೆ. ‘ಎಲ್ಲಿ’ ಎಂಬ ‘ವೇರ್’ನಲ್ಲೂ ಅದೇ ನಾಲ್ಕು ಅಕ್ಷರ. ಸ್ಥಳ ಹೇಳುವ ಮೂರು ಪದಗಳನ್ನೂ ಒಂದರ ಕೆಳಗೊಂದು ಬರೆಸಿ, ಆ ನಾಲ್ಕು ಅಕ್ಷರಕ್ಕೆ ಬಣ್ಣ ಹಾಕಿಸಿ.

ಆದರೆ ಈ ಉಪಾಯ ಒಂದು ಕಡೆ ಕೈಕೊಡುತ್ತದೆ. ‘ದೇರ್ ಆರ್ ಟೂ ಡಾಗ್ಸ್’ ಎಂಬುದಕ್ಕೆ ಕನ್ನಡದಲ್ಲಿ ‘ಎರಡು ನಾಯಿಗಳಿವೆ’ ಅಂದರೆ ಸಾಕು, ‘ಅಲ್ಲಿ’ ಬರುವುದೇ ಇಲ್ಲ. ಜಾಣ ಮಕ್ಕಳೂ ಎಡವುವುದು ಇಲ್ಲೇ. ‘ದೇರ್’ ಆದ ಮೇಲೆ ‘ಈಸ್, ಆರ್, ವಾಸ್, ವರ್’ ಬಂದರೆ ‘ಅಲ್ಲಿ’ಯ ಸ್ಪೆಲ್ಲಿಂಗೇ ಎಂದು ಇದನ್ನು ಬೇರೆಯಾಗಿ ಕಲಿಸಿ. ಮೂರನೆಯ ‘ದೇರ್’, ಅಪಾಸ್ಟ್ರಫಿ (ಅಕ್ಷರಗಳ ನಡುವೆ ಮೇಲ್ಗಡೆ ಹಾಕುವ ಅಲ್ಪವಿರಾಮದಂಥ ಚಿಹ್ನೆ) ಇರುವುದು, ‘ದೇ ಆರ್’ ಎಂಬುದರ ಸಂಕ್ಷಿಪ್ತ ರೂಪ. ಬಿಡಿಸಿ ಓದಿದಾಗ ವಾಕ್ಯಕ್ಕೆ ಅರ್ಥ ಬಂದರೆ ಮಾತ್ರ ಅದನ್ನು ಬಳಸಬೇಕು.

ಮೂರನ್ನೂ ಒಂದೇ ದಿನ ಒಂದೇ ಚಾರ್ಟಿನಲ್ಲಿ ತೋರಿಸಬೇಡಿ. ಜೊತೆಯಾಗಿ ಕಲಿತದ್ದು ಜೊತೆಯಾಗಿಯೇ ನೆನಪಾಗಿ ಗೊಂದಲ ಹುಟ್ಟಿಸುತ್ತದೆ. ‘ಅವರ’ ಒಂದನ್ನೇ ಒಂದು ವಾರ ಹಿಡಿಯಿರಿ: ದಿನಕ್ಕೆ ಮೂರು ವಾಕ್ಯ, ಮಗಳೇ ಕಟ್ಟಿದ್ದು. ಅದು ಗಟ್ಟಿಯಾದ ಮೇಲೆ ‘ಅಲ್ಲಿ’, ಕೊನೆಗೆ ‘ದೇ ಆರ್’. ಆಮೇಲಷ್ಟೇ ಬಿಟ್ಟ ಸ್ಥಳ ತುಂಬುವ ಆರು ವಾಕ್ಯಗಳನ್ನು ಕಲಸಿ ಕೊಡಿ. ಖಾಲಿ ಜಾಗದ ಮೇಲೆ ಪೆನ್ಸಿಲಿನಲ್ಲಿ ಮೊದಲು ಕನ್ನಡ ಪದ ಬರೆಯಲಿ, ಆಮೇಲೆ ಇಂಗ್ಲಿಷ್.

ಪ್ರಶ್ನೆ: ‘ಇಟ್ಸ್’ಗೆ ಅಪಾಸ್ಟ್ರಫಿ ಯಾವಾಗ ಹಾಕಬೇಕು, ಯಾವಾಗ ಬೇಡ? ಮಗನಿಗೆ ಹೇಳಿಕೊಡಲು ಹೋಗಿ ನನಗೇ ಗೊಂದಲವಾಗಿದೆ.
– ಓದುಗರು, ದಾವಣಗೆರೆ

ಉತ್ತರ: ಈ ತಪ್ಪಿನ ಹಿಂದೆ ಮಗುವಿನ ಸರಿಯಾದ ತರ್ಕವೇ ಇರುತ್ತದೆ. ‘ರವಿಯ ಪುಸ್ತಕ’ ಎನ್ನಲು ‘ರವಿ’ಗೆ ಅಪಾಸ್ಟ್ರಫಿ, ಎಸ್ ಸೇರಿಸಿದ್ದಾನೆ, ಹಾಗಾಗಿ ‘ಅದರ ಬಾಲ’ ಎನ್ನಲೂ ಅದನ್ನೇ ಮಾಡುತ್ತಾನೆ. ಬೈದರೆ ಆ ತರ್ಕವನ್ನೇ ಅವನು ನಂಬದಂತಾಗುತ್ತದೆ. ‘ಹೆಸರಿಗೆ ಹಾಕುತ್ತೇವೆ, ಸರ್ವನಾಮಕ್ಕೆ ಹಾಕುವುದಿಲ್ಲ’ ಎಂದು ಹೇಳಿ. ಹಿಸ್, ಹರ್ಸ್, ಅವರ್ಸ್, ಯುವರ್ಸ್, ದೇರ್ಸ್, ಇಟ್ಸ್ – ಒಡೆತನ ಹೇಳುವ ಈ ಆರಕ್ಕೂ ಅಪಾಸ್ಟ್ರಫಿ ಇಲ್ಲ.

ಪರೀಕ್ಷೆ ಹೀಗೆ: ‘ಇಟ್ ಈಸ್’ ಅಥವಾ ‘ಇಟ್ ಹ್ಯಾಸ್’ ಎಂದು ಬಿಡಿಸಿ ಜೋರಾಗಿ ಓದಲಿ. ‘ಇಟ್ ಈಸ್ ರೈನಿಂಗ್’ ಸರಿ, ಅಪಾಸ್ಟ್ರಫಿ ಬೇಕು. ‘ದ ಡಾಗ್ ವ್ಯಾಗ್ಡ್ ಇಟ್ ಈಸ್ ಟೇಲ್’ ಆಗುವುದಿಲ್ಲ, ಬೇಡ. ಇಲ್ಲಿ ಕನ್ನಡಕ್ಕೆ ತಿರುಗಿಸುವ ಉಪಾಯಕ್ಕಿಂತ ಇದೇ ಮೇಲು, ಏಕೆಂದರೆ ‘ಮಳೆ ಬರ್ತಿದೆ’ ಎಂಬಲ್ಲಿ ‘ಅದು’ ಕಾಣುವುದೇ ಇಲ್ಲ. ‘ಯುವರ್’, ‘ಯು ಆರ್’ ಗೊಂದಲಕ್ಕೂ ಇದೇ ಮದ್ದು.

ಅಪಾಸ್ಟ್ರಫಿ ಕಲಿತ ಹೊಸತರಲ್ಲಿ ಮಕ್ಕಳು ಅದನ್ನು ಬಹುವಚನಕ್ಕೂ ಹಾಕತೊಡಗುತ್ತಾರೆ. ಸುಮ್ಮನೆ ‘ತುಂಬಾ ಮಾವಿನಹಣ್ಣು’ ಎನ್ನಬೇಕಾದ ಕಡೆ ‘ಮಾವಿನಹಣ್ಣಿನ’ ಎಂದು ಬರೆದಂತಾಗುತ್ತದೆ. ಅದನ್ನು ಕಂಡ ದಿನವೇ ತಿದ್ದಿ.

ಪ್ರಶ್ನೆ: ಸರ್ಕಾರಿ ಶಾಲೆಯಲ್ಲಿ ನಾಲ್ಕನೇ ತರಗತಿಗೆ ಇಂಗ್ಲಿಷ್ ತೆಗೆದುಕೊಳ್ಳುತ್ತೇನೆ. ಹೋಮೋಫೋನ್‌ಗಳನ್ನು (ಒಂದೇ ಉಚ್ಚಾರ, ಬೇರೆ ಅರ್ಥದ ಪದಗಳನ್ನು) ಯಾವುದರಿಂದ ಶುರು ಮಾಡಬೇಕು? ಡಿಕ್ಟೇಷನ್ ಕೊಡುವುದು ಹೇಗೆ?
– ಶಿಕ್ಷಕಿ, ಯಾದಗಿರಿ

ಉತ್ತರ: ಪಟ್ಟಿಯಿಂದ ಶುರು ಮಾಡಬೇಡಿ, ಮೇಡಂ. ಮಕ್ಕಳು ನೋಟ್‌ಬುಕ್ಕಿನಲ್ಲಿ ನಿಜವಾಗಿ ತಪ್ಪುತ್ತಿರುವ ಪದಗಳಿಂದ ಶುರು ಮಾಡಿ. ‘ಸನ್’ (ಸೂರ್ಯ, ಮಗ), ‘ಸೀ’ (ಸಮುದ್ರ, ನೋಡು), ‘ಮೀಟ್’ (ಮಾಂಸ, ಭೇಟಿ) ಇಂಥವಕ್ಕೆ ಚಿತ್ರ ಬರೆಸಿದರೆ ಬೇಗ ಕೂರುತ್ತವೆ. ‘ಕೇಳು’ ಎಂಬರ್ಥದ ‘ಹಿಯರ್’ನಲ್ಲಿ ಕಿವಿ ಇದೆ: ಇ-ಎ-ಆರ್.

ಹೆಚ್ಚು ಸಮಯ ಬೇಡುವುದು ‘ಟು’ ಮೂವರದ್ದು. ಟಿ-ಓ ಎಂದರೆ ಕನ್ನಡದ ‘ಗೆ, ಕ್ಕೆ, ಲು’: ಶಾಲೆಗೆ, ಊರಿಗೆ, ಓದಲು. ಟಿ-ಡಬ್ಲ್ಯೂ-ಓ ಸಂಖ್ಯೆ. ಇದರ ಡಬ್ಲ್ಯೂ ಹಿಂದೊಮ್ಮೆ ಉಚ್ಚಾರದಲ್ಲೂ ಇತ್ತು. ‘ಟ್ವೈಸ್, ಟ್ವಿನ್, ಟ್ವೆಲ್ವ್, ಟ್ವೆಂಟಿ’ಗಳಲ್ಲಿ ಇಂದೂ ಕೇಳುತ್ತದೆ. ನಾಲ್ಕನ್ನೂ ಬೋರ್ಡಿನ ಮೇಲೆ ಬರೆದು ಟಿ-ಡಬ್ಲ್ಯೂಗೆ ಗೆರೆ ಎಳೆಸಿ. ಓ ಎರಡಿರುವ ‘ಟೂ’ಗೆ ಎರಡು ಅರ್ಥ: ‘ನಾನೂ’ ಎಂಬುದರ ‘ಊ’ ಒಂದು, ‘ವಿಪರೀತ’ ಇನ್ನೊಂದು. ಎರಡನ್ನೂ ಬೇರೆ ಬೇರೆ ದಿನ ಕಲಿಸಿ.

ಡಿಕ್ಟೇಷನ್‌ನಲ್ಲಿ ಬಿಡಿ ಪದ ಹೇಳಿದರೆ ಪಂಡಿತರಿಗೂ ಬರೆಯಲಾಗದು. ಪೂರ್ತಿ ವಾಕ್ಯ ಹೇಳಿ, ಪದ ಹೇಳಿ, ಮತ್ತೆ ವಾಕ್ಯ ಹೇಳಿ. ಒಂದು ಸಲಕ್ಕೆ ಐದಾರು ವಾಕ್ಯ ಸಾಕು. ತಿದ್ದುವಾಗ ಸರಿಯಾದ ಪದವನ್ನು ಕೆಂಪಿನಲ್ಲಿ ನೀವೇ ಬರೆದುಕೊಟ್ಟರೆ ಮಗು ನಕಲು ಮಾಡಿ ಮುಗಿಸುತ್ತದೆ. ಆ ಸಾಲಿನ ಅಂಚಿನಲ್ಲಿ ಒಂದು ಚುಕ್ಕೆ ಇಡಿ, ತಪ್ಪನ್ನು ಅದೇ ಹುಡುಕಲಿ. ‘ಸ್ಟೇಷನರಿ’ (ನಿಂತಲ್ಲೇ ಇರುವ, ಬರೆಯುವ ಸಾಮಗ್ರಿ), ‘ಪ್ರಿನ್ಸಿಪಲ್’ (ಮುಖ್ಯಸ್ಥ, ತತ್ವ) ಜೋಡಿಗಳು ಹೈಸ್ಕೂಲಿಗೆ ಇರಲಿ.

ಪ್ರಶ್ನೆ: ಇಂಗ್ಲಿಷಿನಲ್ಲಿ ಈ ತೊಡಕು ಬಂದದ್ದಾದರೂ ಏಕೆ?
– ವಿದ್ಯಾರ್ಥಿ, ಪುತ್ತೂರು

ಉತ್ತರ: ಉಚ್ಚಾರ ಬದಲಾಯಿತು, ಬರಹ ಅಷ್ಟು ಬದಲಾಗಲಿಲ್ಲ. ವಿಲಿಯಂ ಕ್ಯಾಕ್ಸ್‌ಟನ್ 1476ರಲ್ಲಿ ಇಂಗ್ಲೆಂಡಿಗೆ ಮುದ್ರಣ ತಂದ ಮೇಲೆ ಸ್ಪೆಲ್ಲಿಂಗ್ ಮೆಲ್ಲಗೆ ಗಟ್ಟಿಯಾಗುತ್ತಾ ಹೋಯಿತು. ಅದೇ ಶತಮಾನಗಳಲ್ಲಿ ದೀರ್ಘ ಸ್ವರಗಳ ಉಚ್ಚಾರ ಬದಲಾಗುತ್ತಿತ್ತು. ಮಾಂಸದ ‘ಮೀಟ್’, ಭೇಟಿಯ ‘ಮೀಟ್’ ಆಗ ಬೇರೆ ಬೇರೆ ಕೇಳುತ್ತಿದ್ದವು. ‘ಯೋಧ’ ಎಂಬರ್ಥದ ‘ನೈಟ್’ ಪದದ ಮೊದಲಲ್ಲಿ ‘ಕ್’ ಕೂಡ ಕೇಳುತ್ತಿತ್ತು.

ಪ್ರಶ್ನೆ: ‘ಇಯರ್’ ಎಂದರೆ ಮಗ ಒಮ್ಮೆ ಕಿವಿ, ಒಮ್ಮೆ ವರ್ಷ ಬರೆಯುತ್ತಾನೆ. ಇವೂ ಹೋಮೋಫೋನ್ ತಾನೆ?
– ಪೋಷಕರು, ಮಂಡ್ಯ

ಉತ್ತರ: ಅಲ್ಲ. ನಮ್ಮ ನಾಲಿಗೆ ಅವನ್ನು ಒಂದು ಮಾಡಿದೆ. ಪದದ ಮೊದಲ ‘ಇ, ಎ’ಗೆ ನಾವು ಮಾತಿನಲ್ಲಿ ‘ಯ’ ಹತ್ತಿಸುವುದರಿಂದ ಕಿವಿಯೂ ‘ಯಿಯರ್’ ಆಗುತ್ತದೆ. ಕನ್ನಡಕ್ಕೆ ಒಂದೇ ‘ವ’ ಇರುವುದರಿಂದ ‘ಪಶ್ಚಿಮ’ದ ವೆಸ್ಟ್, ‘ಬನಿಯನ್’ನ ವೆಸ್ಟ್ ಕೂಡ ಒಂದಾಗಿವೆ. ಇವಕ್ಕೆ ಮದ್ದು ಬರಹದಲ್ಲಿಲ್ಲ, ಬಾಯಲ್ಲಿದೆ. ಕನ್ನಡಿ ಹಿಡಿಸಿ: ಡಬ್ಲ್ಯೂಗೆ ತುಟಿ ದುಂಡಗಾಗಬೇಕು, ಹಲ್ಲು ತಾಗಬಾರದು, ವಿಗೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು. ಕಿವಿಗೆ ‘ಯ’ ಇಲ್ಲದೆ ನೇರ ‘ಇ’ಯಿಂದ ಶುರು ಮಾಡಲಿ. ಎರಡು ಚಿತ್ರ ಮುಂದಿಟ್ಟು ನೀವು ಒಂದು ಪದ ಹೇಳಿ, ಅವನು ಬೆರಳು ತೋರಿಸಲಿ. ಆಮೇಲೆ ಅವನು ಹೇಳಲಿ, ನೀವು ತೋರಿಸಿ. ಹತ್ತರಲ್ಲಿ ಒಂಬತ್ತು ಸರಿಯಾಗುವವರೆಗೆ ಆ ಜೋಡಿಯ ಸ್ಪೆಲ್ಲಿಂಗ್ ಕೇಳಬೇಡಿ.