ಔಷಧ ಇಲಿಗೆ ಹಿತವೇ ಎಂದು ನೋಡುವ ಕೋಣೆಗಳ ಪರೀಕ್ಷೆಯಲ್ಲಿ, ಇಲಿಗಳು ಮೊದಲೇ ಕಪ್ಪು ಕೋಣೆಗೆ ಒಲಿದಿದ್ದರೆ ಔಷಧವನ್ನು ಬಿಳಿ ಕೋಣೆಗೆ ಜೋಡಿಸಬಹುದೇ, ಅಂದರೆ ಬಿಳಿ ಕೋಣೆಯಲ್ಲೇ ಕೊಡಬಹುದೇ?

ಜೋಡಿಸಬೇಡಿ. ನಾನು ಜೋಡಿಸಿದ್ದೆ. ಇಪ್ಪತ್ನಾಲ್ಕು ಇಲಿಗಳ ಜೀವ ಮತ್ತು ನನ್ನ ಐದು ತಿಂಗಳು ಅದಕ್ಕೆ ಹೋದವು.

ಸಂಶೋಧನೆಯ ಎರಡನೇ ವರ್ಷ. ಔಷಧವೊಂದು ಇಲಿಗೆ ಹಿತವೆನಿಸುತ್ತದೆಯೇ ಎಂದು ತಿಳಿಯಲು ಸ್ಥಳ ಆಯ್ಕೆಯ ಪರೀಕ್ಷೆ ಹೂಡಿದ್ದೆ. ತರಬೇತಿಯೆಂದರೆ ಒಂದು ಕೋಣೆಯಲ್ಲಿ ಔಷಧ ಚುಚ್ಚುವುದು, ಇನ್ನೊಂದರಲ್ಲಿ ಸಲೈನ್, ಅಂದರೆ ಬರೀ ಉಪ್ಪುನೀರು. ಕೊನೆಯ ದಿನ ಏನನ್ನೂ ಚುಚ್ಚದೆ ನಡುವಿನ ಬಾಗಿಲು ತೆಗೆದು, ಇಲಿ ಎಲ್ಲಿ ಹೆಚ್ಚು ಹೊತ್ತು ಇರುತ್ತದೆಂದು ಅಳೆಯುವುದು. ತರಬೇತಿಗೆ ಮುಂಚಿನ ಅಳತೆಯಲ್ಲೇ ಅವು ಕಪ್ಪು ಕೋಣೆಗೆ ಸೇರಿಕೊಂಡವು. 15 ನಿಮಿಷಗಳಲ್ಲಿ ಬಿಳಿ ಕೋಣೆಗೆ 5 ನಿಮಿಷವೂ ದಕ್ಕಲಿಲ್ಲ. ಔಷಧವನ್ನು ಬಿಳಿಗೇ ಕೊಟ್ಟರೆ ಏರಿಕೆ ಕಾಣಲು ಜಾಗವಿರುತ್ತದೆ ಎಂದು ನಾನೂ ಯೋಚಿಸಿದೆ. ಏರಿಕೆ ಕಂಡಿತು, ಸಂತೋಷವೂ ಆಯಿತು. ಫಲಿತಾಂಶ ತೋರಿಸುವಾಗ ಹಿರಿಯರೊಬ್ಬರು ಕೇಳಿದರು: “ಎರಡೂ ಕೋಣೆಗಳಲ್ಲಿ ಬರೀ ಸಲೈನ್ ಪಡೆದ ಇಲಿಗಳು ಎಲ್ಲಿ?” ಅಂಥ ಇಲಿ ಒಂದೂ ಇರಲಿಲ್ಲ.

ಇಲ್ಲೇ ನಿಲ್ಲಿ, ಏಕೆಂದರೆ ತಪ್ಪು ಇರುವುದು ಇಲ್ಲೇ. ಇಲಿ ಬೆಳಕಿಗೆ ಅಂಜುವ ಪ್ರಾಣಿ. ದಿನ ಬಿಟ್ಟು ದಿನ ಬಿಳಿ ಕೋಣೆಯಲ್ಲಿ ಕೂಡಿಹಾಕಿದರೆ ಆ ಅಂಜಿಕೆ ತಾನಾಗಿಯೇ ಇಳಿಯುತ್ತದೆ. ಔಷಧ ಆತಂಕ ತಗ್ಗಿಸುವಂಥದಾದರೆ ಇನ್ನೂ ಬೇಗ ಇಳಿಯುತ್ತದೆ. ಭಯ ಕಳೆದುಕೊಂಡು ಬಂದ ಇಲಿಯೂ ಸುಖ ನೆನೆದು ಬಂದ ಇಲಿಯೂ ಗಡಿಯಾರದಲ್ಲಿ ಒಂದೇ. ಎಲ್ಲ ಇಲಿಗಳಿಗೂ ಬಿಳಿಯನ್ನೇ ಔಷಧದ ಕೋಣೆ ಮಾಡಿದ್ದರಿಂದ ಇವೆರಡನ್ನೂ ಬೇರ್ಪಡಿಸುವ ದಾರಿಯನ್ನು ನಾನೇ ಮುಚ್ಚಿದ್ದೆ. ಆಮೇಲೆ ಎಂಟು ಇಲಿಗಳಿಗೆ ಬರೀ ಸಲೈನ್ ಕೊಟ್ಟು ನೋಡಿದೆ. ಅವೂ ಹೆಚ್ಚುಕಡಿಮೆ ಅಷ್ಟೇ ಬಿಳಿಯತ್ತ ಸರಿದವು. ಬಾಲದ ಮೇಲೆ ಎರಡು ಗೆರೆ ಎಳೆದಿದ್ದ ಒಂದು ಇಲಿ ಮೊದಲ ದಿನ ಬಿಳಿ ಕೋಣೆಯೊಳಗೆ ಮೀಸೆಯಷ್ಟನ್ನೇ ಚಾಚಿತ್ತು. ಕೊನೆಯ ದಿನ ಅದೇ ಕೋಣೆಯ ನಟ್ಟನಡುವೆ ಕುಳಿತು, ಮುಂಗಾಲುಗಳಿಂದ ಮುಖ ಉಜ್ಜಿಕೊಳ್ಳುತ್ತಿತ್ತು. ಅದರ ಮೈಗೆ ಸೇರಿದ್ದು ಬರೀ ಉಪ್ಪುನೀರು.

ಪೆಟ್ಟಿಗೆಗೆ ಎರಡು ಕೋಣೆ ಬೇಕೋ ಮೂರೋ ಎಂದೂ ಕೇಳಿದ್ದೀರಿ. ನನ್ನ ಮಟ್ಟಿಗೆ ಅದು ಆಮೇಲಿನ ಮಾತು. ಎರಡೂ ಕಡೆ ಬೆಳಕು ಒಂದೇ ಇರಲಿ. ವ್ಯತ್ಯಾಸ ನೆಲದಲ್ಲಿರಲಿ, ಒಂದು ಕಡೆ ಸರಳು, ಇನ್ನೊಂದು ಕಡೆ ಜಾಲರಿ. ಗುಂಪು ಎರಡರಲ್ಲೂ ಸರಿಸುಮಾರು ಒಂದೇ ಹೊತ್ತು ಕಳೆಯುವವರೆಗೆ ತಿದ್ದಿ. ಆಮೇಲೆ ಅರ್ಧ ಇಲಿಗಳಿಗೆ ಈ ಕೋಣೆಯಲ್ಲಿ, ಉಳಿದರ್ಧಕ್ಕೆ ಆ ಕೋಣೆಯಲ್ಲಿ ಔಷಧ ಕೊಡಿ. ಸಲೈನ್ ಗುಂಪಿಲ್ಲದೆ ಶುರು ಮಾಡಲೇಬೇಡಿ.

‘ಈ ಔಷಧ ಹಿತವೋ ಅಹಿತವೋ’ ಎಂಬ ನಿಮ್ಮ ಪ್ರಶ್ನೆಯನ್ನೂ ನಾನು ಒಪ್ಪುವುದಿಲ್ಲ. ಒಂದೇ ಔಷಧ ಎರಡೂ ಆಗಬಲ್ಲದು. ಮಾರ್ಫಿನ್ ಪಡೆದ ಕೋಣೆಯನ್ನು ಅರಸಿ ಹೋಗುವ ಇಲಿಗಳೇ, ಮಾರ್ಫಿನ್‌ಗೆ ಮುಂಚೆ ಕುಡಿದ, ಅವುಗಳಿಗೆ ಹೊಸದಾದ ಸಿಹಿ ಬೆರೆಸಿದ ನೀರನ್ನು ಮುಂದೆ ಬಿಟ್ಟುಬಿಡುತ್ತವೆ. ಗಾರ್ಸಿಯಾ ಮತ್ತು ಕೋಲಿಂಗ್ ಎಂಬ ಸಂಶೋಧಕರು 1966ರಲ್ಲೇ ತೋರಿಸಿದ್ದರು: ಇಲಿ ಹೊಟ್ಟೆಯ ಸಂಕಟವನ್ನು ರುಚಿಗೆ ಗಂಟುಹಾಕುತ್ತದೆ, ವಿದ್ಯುತ್ ಆಘಾತವನ್ನು ಬೆಳಕು-ಸದ್ದಿಗೆ. ಆದ್ದರಿಂದ ಅಹಿತವನ್ನು ಹುಡುಕುವುದಾದರೆ ರುಚಿಯ ಪರೀಕ್ಷೆಯನ್ನು ಬೇರೆಯಾಗಿ ಮಾಡಿ. ಚುಚ್ಚಿದ ಹೊತ್ತನ್ನೂ ನಿಮಿಷದ ಲೆಕ್ಕದಲ್ಲಿ ಬರೆದಿಡಿ. ಕೋಣೆಗೆ ಬಿಡುವ ಮೊದಲು ಮದ್ಯಸಾರ ಚುಚ್ಚಿದರೆ ಆ ಕೋಣೆಯನ್ನು ಬಯಸುವ ಚಿಕ್ಕಿಲಿಗಳು (ಮೌಸ್), ಹೊರತೆಗೆದ ಕೂಡಲೇ ಚುಚ್ಚಿದರೆ ಅದರಿಂದ ದೂರ ಸರಿಯುತ್ತವೆ.