ಶಾಲಾ ಮಕ್ಕಳಿಗೆ ಮಾರ್ಗದರ್ಶಿ ನಾಯಿ ಮತ್ತು ಅಂಧರ ಬದುಕಿನ ಬಗ್ಗೆ ಹೇಗೆ ತಿಳಿಸಿಕೊಡಬೇಕು?

ಐದನೆಯ ತರಗತಿಯ ಮಕ್ಕಳ ಕಣ್ಣಿಗೆ ಬಟ್ಟೆ ಕಟ್ಟಿ ನಡೆಸಿದರೆ ಅಂಧರ ಬದುಕು ಅರ್ಥವಾದೀತೇ, ಮಾರ್ಗದರ್ಶಿ ನಾಯಿಯ ವಿಷಯವನ್ನು ಹೇಗೆ ಹೇಳಬೇಕು ಎಂದು ಕೇಳಿದ್ದೀರಿ. ನಾನು ಹುಟ್ಟಿನಿಂದ ದೃಷ್ಟಿಯಿಲ್ಲದವನು. ಕೊಪ್ಪಳ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ.

ಬಟ್ಟೆ ಕಟ್ಟುವ ಆಟವನ್ನು ದಯವಿಟ್ಟು ಕೈಬಿಡಿ. ಐದು ನಿಮಿಷ ತಡವರಿಸಿದ ಮಗುವಿಗೆ ಸಿಗುವುದು ಭಯ ಮಾತ್ರ. ವರ್ಷಗಟ್ಟಲೆ ಅಭ್ಯಾಸದಿಂದ ಕಿವಿಗೆ, ಪಾದಕ್ಕೆ, ನೆನಪಿಗೆ ಬರುವ ಜಾಣ್ಮೆಯ ಸುಳಿವೂ ಅದಕ್ಕೆ ಸಿಗುವುದಿಲ್ಲ. ಬದಲಿಗೆ ಗರಿಗರಿಯಾದ ನೂರು ಮತ್ತು ಐನೂರು ರೂಪಾಯಿಯ ನೋಟುಗಳನ್ನು ಕೈಗೆ ಕೊಟ್ಟು, ನೂರರಲ್ಲಿ ಉಬ್ಬಿದ ತ್ರಿಕೋನವನ್ನೂ ಅಂಚಿನ 4 ಗೆರೆಗಳನ್ನೂ, ಐನೂರರಲ್ಲಿ ವೃತ್ತವನ್ನೂ 5 ಗೆರೆಗಳನ್ನೂ ಬೆರಳಿನಿಂದಲೇ ಹುಡುಕಲು ಹೇಳಿ.

ನಾಯಿಗೆ ದಾರಿ ಹೇಗೆ ಗೊತ್ತು ಎಂದು ಮಕ್ಕಳು ಖಂಡಿತ ಕೇಳುತ್ತಾರೆ, ಇಲ್ಲಿ ಅವಸರ ಮಾಡಬೇಡಿ. ಎಲ್ಲಿಗೆ ಹೋಗಬೇಕು, ಎಲ್ಲಿ ತಿರುಗಬೇಕು ಎಂದು ನಿರ್ಧರಿಸುವವರು ಮನುಷ್ಯರು. ಗುಂಡಿ, ಕಂಬ, ತಲೆಗೆ ತಾಗುವ ಕೊಂಬೆ ಇವುಗಳಿಂದ ತಪ್ಪಿಸಿ ನಡೆಸುವುದು, ಮೆಟ್ಟಿಲು ಬಂದಾಗ ನಿಂತು ತಿಳಿಸುವುದು ನಾಯಿಯ ಕೆಲಸ. ಸಿಗ್ನಲ್ ದೀಪದ ಬಣ್ಣ ನೋಡಿ ಅದು ರಸ್ತೆ ದಾಟಿಸುವುದಿಲ್ಲ. ವಾಹನಗಳ ಸದ್ದನ್ನು ಆಲಿಸಿ ನಡೆ ಎಂದು ಹೇಳುವವರು ಅಂಧರೇ, ಆದರೆ ಆ ಕ್ಷಣದಲ್ಲಿ ವಾಹನವೊಂದು ನುಗ್ಗಿ ಬಂದರೆ ಅಪ್ಪಣೆಯನ್ನು ಮೀರಿ ನಿಂತುಬಿಡುವಂತೆ ನಾಯಿಯನ್ನು ಪಳಗಿಸಿರುತ್ತಾರೆ. ಮಾತು ಕೇಳದಿರುವುದನ್ನೂ ಕಲಿಸುತ್ತಾರೆಂದು ತಿಳಿದಾಗ ಮಕ್ಕಳಿಗೆ ಆಗುವ ಸಂತೋಷವನ್ನು ಅವರ ದನಿಯಲ್ಲಿ ಕೇಳಿದ್ದೇನೆ. ಮೊದಲ ಮಹಾಯುದ್ಧದ ಪಾಠ ಬಂದಾಗ, ಆ ಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿಯೇ 1916ರಲ್ಲಿ ಜರ್ಮನಿಯ ಓಲ್ಡನ್‌ಬರ್ಗ್‌ನಲ್ಲಿ ಇಂಥ ನಾಯಿಗಳ ತರಬೇತಿ ಶಾಲೆ ಆರಂಭವಾಯಿತೆಂದು ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ಕೆಲಸದಲ್ಲಿರುವ ನಾಯಿಯನ್ನು ಸವರಬಾರದು, ಕರೆಯಬಾರದು, ಅದಕ್ಕೆ ತಿನ್ನಲು ಕೊಡಬಾರದು. ಅದರ ಗಮನ ತಪ್ಪಿದರೆ ಜೊತೆಗಿರುವವರಿಗೆ ಪೆಟ್ಟಾಗುತ್ತದೆ.

ಆದರೆ ಭಾರತದಲ್ಲಿ ಇಂಥ ನಾಯಿಗಳು ತೀರಾ ವಿರಳ. ಬೀದಿ ನಾಯಿಗಳ ಹಿಂಡು ಬೊಗಳಿ ಅಡ್ಡಗಟ್ಟುವ, ಪಾದಚಾರಿ ಮಾರ್ಗವೇ ಇಲ್ಲದ ನಮ್ಮ ರಸ್ತೆಗಳಲ್ಲಿ ಅದು ನೆಮ್ಮದಿಯಿಂದ ಕೆಲಸ ಮಾಡುವುದೂ ಕಷ್ಟ. ನಿಮ್ಮ ಮಕ್ಕಳು ನಾಳೆ ಬಸ್ ನಿಲ್ದಾಣದಲ್ಲಿ ಕಾಣುವುದು ಬಿಳಿ ಕೋಲನ್ನು, ಆದ್ದರಿಂದ ಪಾಠದ ಹೆಚ್ಚಿನ ಭಾಗ ಅದಕ್ಕೇ ಮೀಸಲಾಗಲಿ. ಕೋಲನ್ನು ಹಿಡಿದು ಎಳೆಯುವುದು ಬೇಡ. ಮೊದಲು ತಮ್ಮ ಹೆಸರು ಹೇಳಿ, ಸಹಾಯ ಬೇಕೇ ಎಂದು ಕೇಳಲಿ. ಬೇಕೆಂದರೆ ತೋಳು ಚಾಚಲಿ. ಮೊಣಕೈಗಿಂತ ತುಸು ಮೇಲೆ ಹಿಡಿದು ಅರ್ಧ ಹೆಜ್ಜೆ ಹಿಂದೆ ನಾವು ನಡೆದು ಬರುತ್ತೇವೆ. ಬಿಟ್ಟು ಹೋಗುವಾಗಲೂ ಹೇಳಿಯೇ ಹೋಗಲಿ, ಇಲ್ಲವಾದರೆ ನಾವು ಗಾಳಿಯೊಡನೆ ಮಾತನಾಡುತ್ತಾ ನಿಲ್ಲಬೇಕಾಗುತ್ತದೆ.

ನೆರೆಯ ಗದಗಿನ ಪುಟ್ಟರಾಜ ಗವಾಯಿಗಳ ಹೆಸರನ್ನು ಅಗತ್ಯವಾಗಿ ಹೇಳಿ, ಆದರೆ ಅಷ್ಟಕ್ಕೇ ನಿಲ್ಲಿಸಬೇಡಿ. ಅಂಧರೆಲ್ಲ ಹಾಡಬಲ್ಲರೆಂದು ನಂಬಿದ ಮಕ್ಕಳು ನನ್ನಿಂದಲೂ ವಚನ ಹಾಡಿಸಲು ಹಟ ಹಿಡಿಯುತ್ತಾರೆ. ನಿಮ್ಮ ಊರಿನಲ್ಲೇ ಬ್ಯಾಂಕಿನಲ್ಲೋ ಅಂಗಡಿಯಲ್ಲೋ ದುಡಿಯುವ ಅಂಧರೊಬ್ಬರಿದ್ದರೆ ಅವರನ್ನು ತರಗತಿಗೆ ಕರೆಯಿರಿ. ಅಡುಗೆ ಹೇಗೆ ಮಾಡುತ್ತೀರಿ, ಮೊಬೈಲ್ ಹೇಗೆ ಬಳಸುತ್ತೀರಿ, ಕನಸು ಬೀಳುತ್ತದೆಯೇ ಎಂದು ಮಕ್ಕಳು ಕೇಳಿದಾಗ ನೀವು ಗದರಿಸಿ ಸುಮ್ಮನಿರಿಸಬೇಡಿ.