ಒಪ್ಪಿದ್ದು ಬೇರೆ, ಒಪ್ಪಿಸಿದ್ದು ಬೇರೆ

ಪ್ರಶ್ನೆ: ನಮ್ಮದು ಚನ್ನಗಿರಿ ಕಡೆ ಅಡಿಕೆ ತೋಟ. ಈ ಸಲ ಫಸಲನ್ನು ಚೇಣಿಗೆ, ಅಂದರೆ ಗುತ್ತಿಗೆಗೆ, ಕೊಡುತ್ತಿದ್ದೇವೆ. ಬರೀ ಬಾಯಿಮಾತು ಬೇಡ, ಕಾಗದ ಇರಲಿ ಅಂತ ನಾನೇ ಕರಾರು ಪತ್ರ ಬರೆದೆ. ಕೊನೆಯ ಸಾಲು ಹೀಗಿದೆ: 'ಮೇಲ್ಕಂಡ ಷರತ್ತುಗಳನ್ನು ಸಮ್ಮತಿಸಿ ಸದರಿ ತೋಟವನ್ನು ಒಪ್ಪಿಸಿರುತ್ತೇನೆ.' ನಮ್ಮ ಚಿಕ್ಕಪ್ಪ ಓದಿ, 'ಹಿಂಗೆ ಬರೆದ್ರೆ ತೋಟಾನೇ ಬಿಟ್ಟುಕೊಟ್ಟಂಗೆ ಆಗುತ್ತೆ ಕಣಪ್ಪ' ಅಂದರು. ನಿಜವಾ? ಒಪ್ಪಿಗೆ, ಸಮ್ಮತಿ, ಒಪ್ಪಂದ, ಕರಾರು, ಇವುಗಳಲ್ಲಿ ಯಾವುದನ್ನು ಎಲ್ಲಿ ಬಳಸಬೇಕು?
(ಓದುಗರು, ಚನ್ನಗಿರಿ ತಾಲ್ಲೂಕು)

ಉತ್ತರ: ನಿಮ್ಮ ಚಿಕ್ಕಪ್ಪ ಸರಿಯಾಗಿಯೇ ಹೇಳಿದ್ದಾರೆ. ಸಹಿ ಬೀಳುವ ಮುಂಚೆ ಆ ಸಾಲು ಬದಲಾಗಲಿ.

ನೀವು ಹೇಳಬೇಕಿದ್ದದ್ದು 'ಒಪ್ಪಿರುತ್ತೇನೆ' ಅಂತ. ಬರೆದದ್ದು 'ಒಪ್ಪಿಸಿರುತ್ತೇನೆ' ಅಂತ. ನಡುವೆ ಒಂದು 'ಸಿ' ಸೇರಿದ್ದಕ್ಕೆ ಅರ್ಥವೇ ಬೇರೆ ಆಯಿತು. ಒಪ್ಪಿಸು ಅಂದರೆ ವಶಕ್ಕೆ ಕೊಡು. ಕೆಲಸ ಬಿಟ್ಟವರು ಬೀಗದ ಕೈ ಒಪ್ಪಿಸಿ ಹೋಗುತ್ತಾರೆ. ಮದುವೆಯಲ್ಲಿ ಹೆಣ್ಣು ಒಪ್ಪಿಸಿ ಕೊಡುತ್ತಾರೆ. ಚೇಣಿಯಲ್ಲಿ (ಕೆಲವರು ಖೇಣಿ ಅನ್ನುತ್ತಾರೆ) ನೀವು ಕೊಡುವುದು ಮರದ ಮೇಲಿನ ಫಸಲು, ಮಣ್ಣಲ್ಲ. 'ತೋಟವನ್ನು ಒಪ್ಪಿಸಿರುತ್ತೇನೆ' ಅಂತ ಬರೆದುಕೊಟ್ಟರೆ, ನಾಳೆ ತಕರಾರು ಬಂದಾಗ ಆ ಕಡೆಯವರು ಆ ಮಾತನ್ನೇ ಹಿಡಿದು 'ಸ್ವಾಧೀನ ನನಗೆ ಕೊಟ್ಟಿದ್ದಾರೆ' ಅಂತ ವಾದಿಸಬಹುದು. ಅವರ ವಾದ ನಿಲ್ಲುತ್ತೋ ಇಲ್ಲವೋ, ನೀವಂತೂ ಅಲೆಯಬೇಕಾಗುತ್ತದೆ.

ಒಪ್ಪಿಸು ಅನ್ನುವುದಕ್ಕೆ ಇನ್ನೂ ಎರಡು ಕೆಲಸ ಇದೆ. ಮಕ್ಕಳು ಮಗ್ಗಿ ಒಪ್ಪಿಸುತ್ತಾರೆ, ಅದು ಬಾಯಿಪಾಠ ಹೇಳುವುದು. ಇನ್ನೊಂದು, ಮತ್ತೊಬ್ಬರು ಹೂಂ ಅನ್ನುವ ಹಾಗೆ ಮಾಡುವುದು. 'ಹುಡುಗಿ ಒಪ್ಪಿದಳು' ಅನ್ನುವುದಕ್ಕೂ 'ಹುಡುಗಿಯನ್ನು ಒಪ್ಪಿಸಿದರು' ಅನ್ನುವುದಕ್ಕೂ ಎಷ್ಟು ದೂರ ನೋಡಿ. ಮೊದಲನೆಯದರಲ್ಲಿ ಮನಸ್ಸು ಅವಳದು. ಎರಡನೆಯದರಲ್ಲಿ ಯಾರ ಮನಸ್ಸು ಅಂತ ಕೇಳಬೇಕಾಗುತ್ತದೆ. ಕಾನೂನೂ ಇದನ್ನೇ ಕೇಳುತ್ತದೆ. 1872ರ ಭಾರತೀಯ ಕರಾರು ಕಾಯ್ದೆಯ 14ನೇ ಕಲಂ ಪ್ರಕಾರ ಬಲವಂತ, ಅನುಚಿತ ಪ್ರಭಾವ, ಮೋಸ, ಸುಳ್ಳು ಮಾಹಿತಿ ಅಥವಾ ತಪ್ಪು ತಿಳುವಳಿಕೆಯಿಂದ ಬಂದ ಸಮ್ಮತಿ ಮುಕ್ತ ಸಮ್ಮತಿ ಅಲ್ಲ. ಅದಕ್ಕೇ ಹಳೆಯ ಪತ್ರಗಳಲ್ಲಿ 'ರಾಜಿಖುಷಿಯಿಂದ ಒಪ್ಪಿ' ಅಂತ ಬರೆಯುತ್ತಿದ್ದರು. ಆ ಮಾತು ಸುಮ್ನೆ ಅಲಂಕಾರಕ್ಕೆ ಇದ್ದದ್ದಲ್ಲ.

ಇನ್ನು 'ಷರತ್ತುಗಳನ್ನು ಸಮ್ಮತಿಸಿ'. ಇಲ್ಲಿ ವಿಭಕ್ತಿ ತಪ್ಪಿದೆ. ಸಮ್ಮತಿಸು ಅನ್ನುವುದಕ್ಕೆ ಯಾವಾಗಲೂ 'ಗೆ' ಬೇಕು: ಷರತ್ತುಗಳಿಗೆ ಸಮ್ಮತಿಸಿ, ಮದುವೆಗೆ ಸಮ್ಮತಿಸಿ. ಒಪ್ಪು ಹಾಗಲ್ಲ, ಅದಕ್ಕೆ 'ಅನ್ನು' ಕೂಡ ಬರುತ್ತದೆ, 'ಗೆ' ಕೂಡ ಬರುತ್ತದೆ. ಆದರೆ ಅರ್ಥ ಬದಲಾಗುತ್ತದೆ. 'ಸಾಲವನ್ನು ಒಪ್ಪಿಕೊಂಡ' ಅಂದರೆ ಸಾಲ ಇರುವುದು ನಿಜ ಅಂದ. 'ಸಾಲಕ್ಕೆ ಒಪ್ಪಿಕೊಂಡ' ಅಂದರೆ ಸಾಲ ಕೊಡೋಕೋ ತಗೊಳ್ಳೋಕೋ ಹೂಂ ಅಂದ. ಇರುವ ಸಂಗತಿ ನಿಜ ಅನ್ನುವಾಗ 'ಅನ್ನು', ಮುಂದೆ ಆಗಬೇಕಾದ್ದಕ್ಕೆ ಹೂಂ ಅನ್ನುವಾಗ 'ಗೆ'. ಬರೆಯುವಾಗ ಇಷ್ಟು ನೆನಪಿದ್ದರೆ ಸಾಕು, ಅರ್ಧ ಗೊಂದಲ ಕಳೆಯುತ್ತದೆ.

ಒಪ್ಪಿಗೆ, ಸಮ್ಮತಿ ಎರಡೂ ಒಬ್ಬರ ಕಡೆಯಿಂದ ಬರುವಂಥವು. ಕೊಡಬಹುದು, ಕೊಡದೆಯೂ ಇರಬಹುದು. ಮನೆಮಾತಿಗೆ ಒಪ್ಪಿಗೆ ಚೆನ್ನ, ಕಚೇರಿ ಕಾಗದಕ್ಕೆ ಸಮ್ಮತಿ ಒಗ್ಗುತ್ತದೆ. ಆಪರೇಷನ್‌ಗೆ ಮುಂಚೆ ಆಸ್ಪತ್ರೆಯವರು ಸಹಿ ಹಾಕಿಸಿಕೊಳ್ಳುವುದು ಸಮ್ಮತಿ ಪತ್ರಕ್ಕೆ. ಅದು ಒಪ್ಪಂದ ಪತ್ರ ಅಲ್ಲ. ಒಪ್ಪಂದಕ್ಕೆ ಕನಿಷ್ಠ ಇಬ್ಬರು ಬೇಕು. ಹಾಗಾಗಿ ಒಪ್ಪಂದವನ್ನು ಯಾರೂ ಯಾರಿಗೂ 'ಕೊಡುವುದಿಲ್ಲ'. ಅವರ ಜೊತೆ ಮಾಡಿಕೊಳ್ಳುತ್ತಾರೆ, ಒಪ್ಪಂದಕ್ಕೆ ಬರುತ್ತಾರೆ, ಮುರಿಯುತ್ತಾರೆ. ಕರಾರು ಅನ್ನುವಾಗ ಷರತ್ತಿನ ಬಿಗಿ ಜಾಸ್ತಿ: ಇಷ್ಟು ಹಣ, ಇಷ್ಟು ದಿನ, ತಪ್ಪಿದರೆ ಹೀಗೆ. ನಿಖರವಾಗಿ ಅನ್ನುವುದಕ್ಕೆ 'ಕರಾರುವಾಕ್ಕಾಗಿ' ಅನ್ನುತ್ತೇವಲ್ಲ, ಆ ಬಿಗಿ. ಕಾಯ್ದೆಯ ಲೆಕ್ಕದಲ್ಲೂ ಎಲ್ಲ ಒಪ್ಪಂದವೂ ಕರಾರಾಗುವುದಿಲ್ಲ. ಕಾನೂನಿನ ಮೂಲಕ ಜಾರಿ ಮಾಡಿಸಲು ಬರುವ ಒಪ್ಪಂದ ಮಾತ್ರ ಕರಾರು.

ಅದೇ ಕಾಯ್ದೆಯ 13ನೇ ಕಲಂ ನನಗೆ ತುಂಬಾ ಇಷ್ಟ. ಇಬ್ಬರೂ ಒಂದೇ ವಿಷಯವನ್ನು ಒಂದೇ ಅರ್ಥದಲ್ಲಿ ಒಪ್ಪಿದರೆ ಮಾತ್ರ ಅದು ಸಮ್ಮತಿ ಅನ್ನುತ್ತದೆ ಅದು. ನಿಮ್ಮ ಸಾಲಿನಲ್ಲಿ ಆಗದೇ ಇದ್ದದ್ದು ಅದೇ. ನೀವು ಫಸಲು ಅಂದುಕೊಂಡು ಬರೆದಿರಿ, ಓದುವವರಿಗೆ ತೋಟ ಅಂತ ಕಾಣುತ್ತಿತ್ತು. ಹೀಗೆ ತಿದ್ದಿ:

'ಈ ಮೇಲಿನ ಷರತ್ತುಗಳಿಗೆ ಉಭಯತ್ರರೂ ಒಪ್ಪಿರುತ್ತೇವೆ. ಈ ಸಾಲಿನ ಅಡಿಕೆ ಫಸಲನ್ನು ಮಾತ್ರ ಚೇಣಿಗೆ ಕೊಡಲಾಗಿದೆ. ತೋಟದ ಸ್ವಾಧೀನವು ಮಾಲೀಕರಲ್ಲಿಯೇ ಇರುತ್ತದೆ.'

'ಉಭಯತ್ರರೂ' ಭಾರ ಅನ್ನಿಸಿದರೆ 'ಇಬ್ಬರೂ' ಅನ್ನಿ, ಏನೂ ಕೆಡುವುದಿಲ್ಲ. ಬರೆದುಕೊಟ್ಟವರು, ಬರೆಸಿಕೊಂಡವರು ಯಾರು ಅನ್ನುವುದು ಮೊದಲ ಸಾಲಲ್ಲೇ ಸ್ಪಷ್ಟವಾಗಲಿ. ಬರೆದವರು ಬೇರೆಯವರಾದರೆ ಕೊನೆಗೆ ಬಿಕ್ಕಲಂ ಅಂತ ಅವರ ಹೆಸರು ಇರಲಿ. ಹಣ ದೊಡ್ಡದಾದರೆ ವಕೀಲರಿಗೆ ಒಮ್ಮೆ ತೋರಿಸಿ.

ಪ್ರಶ್ನೆ: ಹರಿಹರ ಹತ್ತಿರದ ಹಾಲು ಉತ್ಪಾದಕರ ಸಂಘದಲ್ಲಿ ನಡಾವಳಿ ಬರೆಯುತ್ತೇನೆ. ಪ್ರತಿ ವಿಷಯಕ್ಕೂ 'ಸರ್ವ ಸದಸ್ಯರು ಸರ್ವಾನುಮತದಿಂದ ಅವಿರೋಧವಾಗಿ ಅನುಮೋದಿಸಿದರು' ಅಂತ ಬರೆಯುವ ರೂಢಿ ಇದೆ. ಇದು ಸರಿಯಾ?

ಉತ್ತರ: ಒಂದೇ ಸಾಲಿಗೆ ಮೂರು ಸಲ ಹೂಂ ಆಯಿತು. ಸರ್ವಾನುಮತ ಅಂದರೇ ಹಾಜರಿದ್ದ ಎಲ್ಲರ ಒಪ್ಪಿಗೆ. ಮತ್ತೆ 'ಸರ್ವ ಸದಸ್ಯರು' ಬೇಡ. ಅವಿರೋಧ ಅನ್ನುವುದು ಆಯ್ಕೆಗೆ ಹೊಂದುವ ಮಾತು. ಒಂದೇ ನಾಮಪತ್ರ ಬಂದು, ಎದುರಾಳಿ ಇಲ್ಲದಿದ್ದರೆ ಅವಿರೋಧ ಆಯ್ಕೆ. ಹಾಲಿನ ಡೇರಿಗೆ ಹೊಸ ತಕ್ಕಡಿ ತರುವ ತೀರ್ಮಾನಕ್ಕೆ ಆ ಪದ ಯಾಕೆ?

ನಿಜವಾದ ತೊಂದರೆ ಬೇರೆ. ಹನ್ನೊಂದು ಜನರಲ್ಲಿ ಇಬ್ಬರು ಬೇಡ ಅಂದಿದ್ದರೂ ರೂಢಿಗೆ ಸರ್ವಾನುಮತ ಅಂತ ಬರೆದರೆ, ನಡಾವಳಿಯೇ ಸುಳ್ಳಾಗುತ್ತದೆ. ಆಗ 'ಬಹುಮತದಿಂದ' ಅಂತ ಬರೆದು, ಬೇಡ ಅಂದವರ ಹೆಸರೂ ಕಾರಣವೂ ದಾಖಲಿಸಿ. ಕೈ ಎತ್ತಿಸದೆ, ಮಾತಾಡಿ ಎಲ್ಲರೂ ಒಂದು ನಿಲುವಿಗೆ ಬಂದಿದ್ದರೆ 'ಒಮ್ಮತದಿಂದ' ಅನ್ನಿ. ಅನುಮತಿ ಕೆಲಸಕ್ಕೆ ಮುಂಚೆ ಬೇಕಾಗುವುದು. ಅನುಮೋದನೆ ಮುಂದಿಟ್ಟದ್ದನ್ನು ನೋಡಿ ಸರಿ ಅನ್ನುವುದು. ಖರ್ಚು ಮಾಡಲು ಅನುಮತಿ, ಮಾಡಿದ ಖರ್ಚಿನ ಲೆಕ್ಕಕ್ಕೆ ಅನುಮೋದನೆ. ಸೂಚಕರು, ಅನುಮೋದಕರು ಅಂತ ಹೆಸರು ಹಾಕುವ ಪದ್ಧತಿ ಚೆನ್ನಾಗಿದೆ, ಬಿಡಬೇಡಿ.

ಪ್ರಶ್ನೆ: ಪ್ರಬಂಧದಲ್ಲಿ 'ನಾನು ಈ ಅಭಿಪ್ರಾಯಕ್ಕೆ ಸಹಮತ' ಅಂತ ಬರೆದೆ. ಮೇಷ್ಟ್ರು ಗೆರೆ ಎಳೆದಿದ್ದಾರೆ. ಯಾಕೆ?
(ವಿದ್ಯಾರ್ಥಿನಿ, ಚಿತ್ರದುರ್ಗ)

ಉತ್ತರ: ಸಹಮತ ಅನ್ನುವುದು ನಿಮಗೆ 'ಇರುವ' ವಸ್ತು, ನೀವೇ ಅದಲ್ಲ. 'ಈ ಅಭಿಪ್ರಾಯಕ್ಕೆ ನನ್ನ ಸಹಮತವಿದೆ' ಅಂತ ಬರೆಯಿರಿ. 'ನನಗೆ ಇದು ಸಮ್ಮತ' ಅಂದರೂ ಸರಿ, ಅಲ್ಲಿ 'ನಾನು' ಬರುವುದಿಲ್ಲ. ಪೂರ್ತಿ ಒಪ್ಪದಿದ್ದರೆ 'ಈ ಮಾತನ್ನು ಒಂದು ಮಟ್ಟಿಗೆ ಒಪ್ಪುತ್ತೇನೆ' ಅಂತ ಬರೆದು, ಯಾವ ಮಟ್ಟಿಗೆ ಅನ್ನುವುದನ್ನು ಮುಂದಿನ ವಾಕ್ಯದಲ್ಲೇ ಹೇಳಿ. ಮೇಷ್ಟ್ರು ಅಂಕ ಕೊಡುವುದು ಆ ಮುಂದಿನ ವಾಕ್ಯಕ್ಕೆ.